ಸುರಂಗದ ಮಾತು

ಕೋಟೆಯ ಆನೆಗಳೆರಡು ಗಾರೆಯವು, ಜೀವದಳತೆಯವು.
ಅವುಗಳ ಪಕ್ಕ ನಿಂತು ಹದಿನೆಂಟು ವರ್ಷದಿಂದ
ಒಂದೇ ಸುಳ್ಳು ಹೇಳುತ್ತ ಬಂದಿದ್ದೇನೆ:
‘ಇಲ್ಲಿಂದ ನಾಲ್ಕುನಾಡು ಅರಮನೆತನಕ ಸುರಂಗವಿದೆ, ಸಾರ್.
ರಾಜ ಕುದುರೆ ಮೇಲೆ ಕೂತೇ ಹೋಗುತ್ತಿದ್ದ.’
ಕುದುರೆ ಸೇರಿಸಿದ್ದು ನಾನು.
ಅಜ್ಜನ ಸುರಂಗದಲ್ಲಿ ರಾಜ ನಡೆದೇ ಹೋಗುತ್ತಿದ್ದ.

ಆ ಹೆಂಗಸು ಮಡಿಕೇರಿಗೆ ಬಂದದ್ದು ನವೆಂಬರಿನಲ್ಲಿ, ಒಬ್ಬಳೇ.
ಅರವತ್ತು ದಾಟಿದವಳು, ಕಲ್ಲು ಕೆತ್ತುವ ಕೈ.
ಐರ್ಲೆಂಡಿನಲ್ಲಿ ಕಿಲ್ಕೆನ್ನಿ ಅಂತ ಊರಂತೆ,
ಹೊಳೆಯ ದಂಡೆಗೆ ಎಂಟುನೂರು ವರ್ಷದ ಕೋಟೆ,
ಉಜ್ಜಿದರೆ ಮುಖ ಕಾಣುವ ಕಪ್ಪು ಕಲ್ಲು.
ಹೆಸರು ಡರ್ವ್ಲಾ. ನನ್ನ ನಾಲಿಗೆಗೆ ದೇವಲೆ ಎಂದೇ ಬಂತು.
ಅವಳ ನಾಲಿಗೆಯಲ್ಲಿ ಮೊಯ್ದು ಮೋಡವಾದ.
ಇಬ್ಬರೂ ತಿದ್ದಲಿಲ್ಲ.

ಕೋಟೆಯೊಳಗೆ ಅವಳು ಫೋಟೋ ತೆಗೆಯಲಿಲ್ಲ.
ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತ ಹೋದಳು,
ಹಲಸು ಬಲಿತಿದೆಯೇ ಎಂದು ಉಮ್ಮ ತಟ್ಟುವ ಹಾಗೆ.
ಒಂದು ಕಡೆ ನಿಂತು ಕಿವಿಯಿಟ್ಟಳು.
‘ಇಲ್ಲಿ ಯಾರೋ ಅವಸರದಲ್ಲಿದ್ದ,’ ಅಂದಳು,
‘ಕೂಲಿ ಸಿಗದವನೋ, ಯುದ್ಧ ಹತ್ತಿರ ಬಂದಿತ್ತೋ.’
ಯಾವ ರಾಜ, ಎಷ್ಟನೇ ಇಸವಿ, ಎಲ್ಲ ನನ್ನ ನಾಲಿಗೆ ತುದಿಯಲ್ಲಿತ್ತು.
ಅವಳು ಕೇಳಲೇ ಇಲ್ಲ.

ಆಗ ಸುರಂಗ ಹೇಳಿದೆ, ನನ್ನ ಮುರುಕು ಇಂಗ್ಲಿಷಿನಲ್ಲಿ.
‘ನೋಡಿದ್ದೀಯಾ?’
ಇಲ್ಲ.
‘ನೋಡಿದವರನ್ನು ನೋಡಿದ್ದೀಯಾ?’
ಇಲ್ಲ.
ಆನೆಯ ಸೊಂಡಿಲು ಹಿಡಿದು ನಕ್ಕಳು, ಕೆಮ್ಮು ಬರುವಷ್ಟು.
ಅವಳೂರಲ್ಲೂ ಒಂದಿದೆಯಂತೆ, ಕೋಟೆಯಿಂದ ದೊಡ್ಡ ಇಗರ್ಜಿಗೆ.
ಅವಳಪ್ಪ ಕಂಡಿದ್ದನಂತೆ. ಕುಡಿದಾಗಲೆಲ್ಲ ಕಂಡಿದ್ದನಂತೆ.

ನಾಪೋಕ್ಲು ದಾಟಿ ಕಕ್ಕಬ್ಬೆ ಕಡೆ ಏರುವಾಗ ಜೀಪು ಕುದಿಯಿತು.
ನೀರಿಗೆ ತೋಡಿಗಿಳಿದು ಹತ್ತಿ ಬಂದರೆ ಅವಳಿಲ್ಲ.
ಕಾಫಿಗಿಡಗಳ ಆಚೆ, ಕಡಂಗದೊಳಗೆ ನಿಂತಿದ್ದಳು,
ನೆತ್ತಿ ಮಾತ್ರ ಕಾಣುವಷ್ಟು ಆಳದಲ್ಲಿ.
ಕಡಂಗ ನಮಗೇನು ಹೊಸತೇ?
ದನ ಬೀಳುವ ಜಾಗ, ಹಂದಿ ಓಡುವ ಹಾದಿ,
ಗಡಿ ತಕರಾರಿನಲ್ಲಿ ಸಾಹುಕಾರರು ಬೆರಳು ತೋರುವ ಹಳ್ಳ.
ಯಾರನ್ನೂ ಅಲ್ಲಿಗೆ ಕರೆದೊಯ್ದವನಲ್ಲ ನಾನು;
ಟಿಕೆಟಿಲ್ಲ, ಬೋರ್ಡಿಲ್ಲ, ಹೇಳಿಕೊಳ್ಳಲು ರಾಜನೂ ಇಲ್ಲ.

‘ಎಷ್ಟು ಹಳೆಯದು?’
ಗೊತ್ತಿಲ್ಲ ಅಂದೆ.
ಗಿರಾಕಿಯ ಮುಂದೆ ಆ ಮಾತು ಅದೇ ಮೊದಲು.
‘ಅಗೆದ ಮಣ್ಣೆಲ್ಲಿ?’
ಇದೇ ಈ ದಿಬ್ಬ. ಹಳ್ಳ, ದಿಬ್ಬ, ಎರಡೂ ಸೇರಿ ಕಡಂಗ.
ಅವಳು ಸುಮ್ಮನೆ ತಲೆದೂಗಿದಳು:
ಅವರ ಹಳ್ಳಿಗಳಲ್ಲೂ ಎರಡಕ್ಕೂ ಒಂದೇ ಹೆಸರಂತೆ,
ಹೊರಗಿನವರಿಗೆ ತಲೆಬುಡ ತಿಳಿಯದಂತೆ.

ನನಗೆ ಬಾಪನ ಬೆನ್ನು ನೆನಪಾಯಿತು.
ಕಾಫಿಗುಂಡಿ ತೆಗೆಯುತ್ತಿದ್ದ, ಗುಂಡಿಗೆ ಇಷ್ಟೆಂದು ಕೂಲಿ.
ಸಂಜೆಗೆ ಕೆಮ್ಮಣ್ಣೇ ಎದ್ದು ಮನೆಗೆ ಬಂದಂತೆ ಬರುತ್ತಿದ್ದ.
ಅವನ ಗುಂಡಿಗಳಲ್ಲಿ ಈಗ ಯಾರದೋ ಗಿಡ, ಯಾರದೋ ಹೂವು.
ಗುಡ್ಡದಿಂದ ಗುಡ್ಡಕ್ಕೆ ಇಷ್ಟುದ್ದ ಅಗೆದವರಿಗೆ
ಮಧ್ಯಾಹ್ನ ನೀರು ಕೊಟ್ಟವರು ಯಾರೋ.

ಅರಮನೆ ತಲುಪುವಾಗ ಐದೂವರೆ. ಬೀಗ.
ಕಿಟಕಿಯ ಸಂದಿಗೆ ಕಣ್ಣಿಟ್ಟು
ಕತ್ತಲೆ ನೋಡಿ ಸಾಕು ಅಂದಳು.
ಇಳಿಯುವ ದಾರಿಯುದ್ದಕ್ಕೂ ಬಲಿತ ಭತ್ತದ ವಾಸನೆ.
ಪುತ್ತರಿಗೆ ಇನ್ನು ಹದಿನೈದೇ ದಿನ ಅಂದೆ, ಕೇಳಿಸಲಿಲ್ಲವೇನೋ.
ಆಮೇಲೆ ಒಂದೇ ಮಾತು:
‘ಮೋಡ, ನಿನ್ನ ಸುರಂಗದಲ್ಲಿ
ಎರಡು ಕುದುರೆ ಎದುರುಬದುರಾದರೆ?’

ಮರು ಭಾನುವಾರ ದಾವಣಗೆರೆಯ ಸಂಸಾರ, ಏಳು ಜನ.
ಆನೆಯ ಪಕ್ಕ ನಿಂತೆ. ಸುರಂಗವಿದೆ ಅಂದೆ.
ನಡುವೆ ಒಂದು ಕಡೆ ಅಗಲ ಮಾಡಿದ್ದಾರೆ ಸಾರ್,
ಎದುರು ಬಂದ ಕುದುರೆಗೆ ದಾರಿ ಬಿಡಲು.
ಎಲ್ಲರೂ ಹೌದಾ ಅಂದರು.
ಐಸ್‌ಕ್ರೀಮು ಸೋರುತ್ತಿದ್ದ ಹುಡುಗಿಯೊಬ್ಬಳು,
‘ಅದನ್ನ ಅಗೆದೋರು ಯಾರು?’

ರಾಜನ ಹೆಸರು ಬಾಯಿಗೆ ಬರಲಿಲ್ಲ.
ಮಮ್ಮದೆ ಅಂತ ಒಬ್ಬ, ಅಂದೆ.
ಮೊಳಕ್ಕೆ ಇಷ್ಟೆಂದು ಕೂಲಿ.