ಹೊಸ ಬೀಗರು

ಕಾಲೇಜಿನ ಮೈದಾನದಲ್ಲಿ ಹಳೆಯ ಲೀಗಿನ ಲಾಂಛನಕ್ಕೆ
ಆರ್ವಿಡ್ ಹಸಿರು ಬಳಿಯುತ್ತಿದ್ದಾನೆ.
ಎರಡು ಸಲ ಆಯಿತು,
ಇನ್ನೂ ಇಣುಕುತ್ತಿದೆ.

ಹದಿನಾಲ್ಕು ಮೈಲಿ ಆಚೆ, ಒರೆಗಾನಿನ ಗೋಧಿಗುಡ್ಡದ ಬೆನ್ನಿಗೆ,
ನೂರು ವರ್ಷದ ವೈರಿ.
ಸೋತ ಊರಿನ ಮೇಯರು
ಗೆದ್ದ ಊರಿನ ಬೀದಿ ಗುಡಿಸಬೇಕಿತ್ತು.
ಪೊರಕೆ ಈಗ ಮೂಲೆಗೆ.

ಹೊಸ ಬೀಗರು ಅಟ್ಲಾಂಟಿಕ್ ದಂಡೆಯವರು.
ಮುಖ ನೋಡಿದವರಿಲ್ಲ.
ತೆರ ಎಣಿಸಿದ್ದು ಟೀವಿಯವರು,
ಮುಹೂರ್ತ ಇಟ್ಟದ್ದೂ ಅವರೇ:
ಶನಿವಾರ ರಾತ್ರಿ ಏಳೂವರೆ,
ಅಲ್ಲಿ ಜನ ಮಲಗುವ ಹೊತ್ತು.

ಅವನ ಮಗಳದು ವಾಲಿಬಾಲ್,
ಯಾವ ಚಾನೆಲ್ಲೂ ಕೇಳದ ಆಟ.
ಬುಧವಾರದ ಮೂರನೇ ವಿಮಾನದಲ್ಲಿ
ಮಂಡಿಗೆ ಐಸ್ ಕಟ್ಟಿಕೊಂಡು
ಕೆಮಿಸ್ಟ್ರಿ ಓದುತ್ತಾಳೆ.

ಡಬ್ಬಿ ಮುಚ್ಚಿ ಆರ್ವಿಡ್ ಫೋನು ಹಚ್ಚುತ್ತಾನೆ
ಗುಡ್ಡದಾಚೆಯ ಮೈದಾನದವನಿಗೆ:
"ನಿಂದು ಅಳಿಸಿತೇನೋ?"
"ಇಲ್ಲ ಮಾರಾಯ.
ನಿನ್ನ ಹಸಿರು ಯಾವ ಕಂಪನಿಯದು?"