ಗೋಡೆಯ ಕಿವಿ

ಗೋಡೆಗೂ ಕಿವಿಯಿರುತ್ತದೆ ಅನ್ನುತ್ತಾರಲ್ಲ,
ಕೊರ್ಚಾ ಪಟ್ಟಣದ ಕಲ್ಲುಹಾಸಿನ ಓಣಿಯೊಂದರಲ್ಲಿ
ಹನ್ನೊಂದು ವರ್ಷ ಆ ಕಿವಿ ನಾನಾಗಿದ್ದೆ.

ಹೆಸರು ಫೆರೀತ್. ಗಡಿಯಾರ ರಿಪೇರಿ ಕಸುಬು.
ಟಿಕ್ಕಿಗೂ ಟಿಕ್ಕಿಗೂ ನಡುವೆ ಕೂದಲೆಳೆ ತಪ್ಪಿದರೂ
ಹಿಡಿಯುತ್ತೇನೆಂದು ಕಚೇರಿಯವರಿಗೆ ಗೊತ್ತಿತ್ತು.
ಅಲ್ಬೇನಿಯಾದಲ್ಲಿ ದೇವರನ್ನು ಕಾನೂನು ಮಾಡಿ ಹೊರಹಾಕಿದ್ದ ಕಾಲ.
ಚರ್ಚಿನೊಳಗೆ ಗೋಧಿಮೂಟೆ,
ನನ್ನಜ್ಜ ನಮಾಜು ಮಾಡಿದ ಮಸೀದಿಯಲ್ಲಿ ಟ್ರಾಕ್ಟರಿನ ಬಿಡಿಭಾಗ.
ಗಂಟೆ ಕರಗಿಸಿ ಏನು ಮಾಡಿದರೋ,
ನಮ್ಮ ಮನೆಯ ನಲ್ಲಿಯೇ ಇರಬಹುದು.

ಕೆಲಸ ಇಷ್ಟೆ: ರಾತ್ರಿ ಗಾಜಿನ ಲೋಟ ಗೋಡೆಗೆ ಕವುಚಿ
ಬಲಗಿವಿ ಹಚ್ಚಿ
ಪಕ್ಕದ ಮನೆಯ ದರ್ಜಿ ಮುದುಕಿ ಪೊಲಿಕ್ಸೆನಿ
ಪ್ರಾರ್ಥನೆ ಮಾಡುತ್ತಾಳೋ ಎಂದು ಕೇಳುವುದು.
ವಾರಕ್ಕೊಂದು ವರದಿ.

ಕೇಳಿಸಿದ್ದು ಕೆಮ್ಮು.
ಹೊಲಿಗೆಯಂತ್ರದ ಪೆಡಲು.
ಒಲೆಯ ಬೂದಿ ಕೆದಕುವ ಸದ್ದು.
ವಸಂತದಲ್ಲೊಂದು ರಾತ್ರಿ ಸದ್ದಿಲ್ಲ, ವಾಸನೆ:
ಈರುಳ್ಳಿ ಸಿಪ್ಪೆ ಕುದಿಯುತ್ತಿತ್ತು.
ಹಬ್ಬದ ಮೊಟ್ಟೆಗೆ ಕೆಂಪು ಏರುವುದು ಅದರಿಂದಲೇ.
'ಸಾರು ಮಾಡಿದಳು' ಎಂದು ಬರೆದೆ.
ಯಾಕೆ ಹಾಗೆ ಬರೆದೆನೋ. ಕೈ ಬರೆಯಿತು.

ಮತ್ತೆ, ದಿನವೂ, ಎರಡು ಗಂಟೆಗೆ
ಅಗುಳಿ ತೆಗೆದ ಸದ್ದು.
ಸಿಕ್ಕಿಬಿದ್ದಳು ಅಂದುಕೊಂಡೆ. ಹಿಂದೆಯೇ ಹೋದೆ.

ಹೋದದ್ದು ಹಾಲಿನ ಅಂಗಡಿಗೆ.
ನಮ್ಮಲ್ಲಿ ಆಗ ಸಾಲಿನಲ್ಲಿ ಮನುಷ್ಯರೇ ನಿಲ್ಲಬೇಕೆಂದಿರಲಿಲ್ಲ;
ಇಟ್ಟಿಗೆ ಚೂರು, ಹರಕು ಚೀಲ, ತೂತುಬಿದ್ದ ತಪ್ಪಲೆ
ಇಟ್ಟುಹೋದರೆ ಜಾಗ ನಿಮ್ಮದು.
ಮುದುಕಿ ಕೋಟಿನ ಜೇಬಿನಿಂದ ಎರಡು ಕಲ್ಲು ತೆಗೆದಳು.
ಹಿಮ ಒರೆಸಿ, ಮಗುವನ್ನು ಕೂರಿಸುವ ಹಾಗೆ
ಒಂದರ ಹಿಂದೆ ಒಂದು ಇಟ್ಟಳು.

ಬೆಳಿಗ್ಗೆ ಮುಂದಿನ ಕಲ್ಲಿನ ಜಾಗಕ್ಕೆ ಬಂದವಳು ನದೀರೆ.
ಗಂಡ ಗಣಿಯ ಸೆರೆಯಲ್ಲಿ. ಇಡೀ ಓಣಿಯಲ್ಲಿ ಅವಳಿಗೆ
ಒಬ್ಬರೂ ಸಲಾಮು ಹೇಳುತ್ತಿರಲಿಲ್ಲ. ನಾನೂ.
ಅವಳೇ ಇಟ್ಟ ಕಲ್ಲಾದರೆ
ಬೆಳಗಾಗುವುದರೊಳಗೆ ಯಾರದೋ ಕಾಲು ಅದನ್ನು ಒದ್ದಿರುತ್ತಿತ್ತು.
ಆವತ್ತು ನದೀರೆಯ ಕ್ಯಾನಿಗೇ ಹಾಲು ಮುಗಿಯಿತು.
ಹಿಂದೆ ನಿಂತಿದ್ದವಳು
ಖಾಲಿ ಕ್ಯಾನು ತೂಗಾಡಿಸುತ್ತ ಮನೆಗೆ ಬಂದಳು.

ರಾತ್ರಿ ಲೋಟ ಹಚ್ಚಿದೆ, ನಿಟ್ಟುಸಿರಾದರೂ ಬಂದೀತೆಂದು.
ಬಹಳ ಹೊತ್ತು ಏನಿಲ್ಲ. ಆಮೇಲೆ
ಗೋಡೆಗೆ ತೀರ ಹತ್ತಿರದಲ್ಲಿ ಅವಳ ದನಿ:
'ಫೆರೀತ್, ಗೋಡೆ ತಣ್ಣಗಿದೆಯಪ್ಪ. ಕಿವಿಗೆ ಥಂಡಿ ಹಿಡಿದೀತು.'

ಮೂರನೆಯ ದಿನ ನಮ್ಮ ಹೊಸ್ತಿಲಲ್ಲಿ ಉಣ್ಣೆಯ ಟೊಪ್ಪಿ.
ಹಾಕಿಕೊಂಡು ನೋಡಿದೆ.
ಬಲಗಿವಿಯ ಮೇಲೆ ಮಾತ್ರ ಹೆಣಿಗೆ ತೆಳು,
ನನ್ನ ಕೆಲಸಕ್ಕೆ ತೊಂದರೆಯಾಗದಿರಲಿ ಎಂದು.

ವರದಿ ಬರೆಯಲು ಕೂತೆ.
'ಕೇಳಿಸಿತು' ಎಂದು ಬರೆದೆ. ಒಂದೇ ಪದ.
ನೋಡಿದೆ. ಒಲೆಗೆ ಹಾಕಿದೆ.
ಬೇರೆ ಹಾಳೆಯಲ್ಲಿ
'ಪ್ರಾರ್ಥನೆ ಏನೂ ಕೇಳಿಬಂದಿಲ್ಲ' ಎಂದು ಸಹಿ ಮಾಡಿದೆ.
ನಾನು ಧೈರ್ಯದವನಲ್ಲ.

ಬಾಗಿಲುಗಳು ಮತ್ತೆ ತೆರೆಯುವ ಮುಂಚೆಯೇ ಅವಳು ತೀರಿಕೊಂಡಳು.
ಪಾದ್ರಿಯಿಲ್ಲ, ಶಿಲುಬೆಯಿಲ್ಲ, ಹಲಗೆಯ ಮೇಲೊಂದು ನಂಬರು.
ಈಗ ಹೊಸ ಗಂಟೆ ಬಂದಿದೆ, ಭಾನುವಾರ ಬಾರಿಸುತ್ತಾರಂತೆ.
ನನ್ನ ಬಲಗಿವಿ ಹೋಗಿ ಬಹಳ ಕಾಲವಾಯಿತು.
ಅಜ್ಜನ ಮಸೀದಿಗೂ ಹೋದವನಲ್ಲ, ಅವಳ ಚರ್ಚಿಗೂ.

ಆದರೆ ಅವಳನ್ನು ಹೂತ ದಿನ, ರಾತ್ರಿ ಎರಡಕ್ಕೆ
ಪಕ್ಕದಲ್ಲಿ ಅಗುಳಿಯ ಸದ್ದಿಲ್ಲ.
ಕಾದೆ. ಬರಲಿಲ್ಲ.
ಎದ್ದು ಟೊಪ್ಪಿ ಹಾಕಿಕೊಂಡು
ಅಂಗಳದ ಕತ್ತಲಲ್ಲಿ ತಡಕಾಡಿ
ಎರಡು ಕಲ್ಲು ಆರಿಸಿದೆ.