ಉಳದ ಸ್ಕ್ರೂ

ಬೆಟಗೇರಿ ತರಕಾರಿ ಮಾರ್ಕೆಟ್ಟಿನ ಹಿಂದ
ಆರು ಫೂಟು ಅಗಲದ ಅಂಗಡಿ ನಂದು.
ಬೋರ್ಡಿನ ಮ್ಯಾಲೆ 'ಬಾಕಳೆ ಎಲೆಕ್ಟ್ರಾನಿಕ್ಸ್',
ಕೆಳಗ ಪೇಂಟರ್ ಖಾಜೇಸಾಬ ತನ್ನ ಬುದ್ಧಿಲೆ ಬರದದ್ದು:
'ಸತ್ತಿದ್ದನ್ನು ಬದುಕಿಸಿ ಕೊಡಲಾಗುವುದು.'
ಮೊದಲನೇ ಗಿರಾಕಿ ಬಾಗಲದಾಗ ನಿಂತು ಕೇಳಿದ:
'ಎಮ್ಮಿಗೂ ನಡೀತದೇನ್ರಿ?'

ಗುರು ತುಳಜಾಸಾ ಕಲಿಸಿದ ಮಂತ್ರ ಒಂದ:
ಏನೂ ತಿಳೀಲಿಲ್ಲಂದ್ರ ಹುಬ್ಬು ಗಂಟು ಹಾಕಿ
'ಐಸಿ ಹೋಗೇತ್ರಿ' ಅನ್ನು.
ಫ್ಯೂಸಿಗೂ ಅಂದೆ, ಸಡಲ ವಾಯರಿಗೂ ಅಂದೆ,
ಒಮ್ಮೆ ಇಡೀ ಓಣಿ ಕರೆಂಟು ಹೋಗಿತ್ತು, ಆವಾಗೂ ಅಂದೆ.
ಹೊಂಬಳರ ಮನಿ ಆರು ವರ್ಷದ ಹುಡುಗಿ
ಮ್ಯಾಲೆ ನೋಡಿ ಕೇಳಿತು:
'ಕಾಕಾ, ಹಂಗಾರ ಫ್ಯಾನಿಂದೂ ಐಸಿ ಹೋಗೇತೇನು?'

ಹಿಂದಿನ ಡಬ್ಬಿ ಬಿಚ್ಚೂದಂದ್ರ ಮಂದಿ ಸಂಸಾರನ ಬಿಚ್ಚಿದಂಗ.
ಹಲ್ಲಿ ತತ್ತಿ, ಒಣಗಿದ ಜೊಂಡಿಗ, ಕಳದ ಕಿವ್ಯಾನ ಬೆಂಡ್ವಾಲಿ.
ಪಟ್ಟಣಶೆಟ್ರ ರೇಡಿಯೋದಾಗ ಇಲಿ ಹಡದಿತ್ತು,
ಬಾಣಂತಿ ಹಾಸಿಗಿ ಶೆಟ್ರ ಮನಿಯಾಕಿ ಬಚ್ಚಿಟ್ಟ ನೂರರ ನೋಟು.
ಶೆಟ್ರು ಎದುರಿಗೇ ಕುಂತಾರ.
'ಒಳಗ ಶಾರ್ಟ್ ಆಗೇತ್ರಿ' ಅಂದೆ.
ಕಂಬದ ಹಿಂದ ಒಂದು ಉಸಿರು ಬಿಟ್ಟದ್ದು ಕೇಳಿತು,
ಆಮ್ಯಾಲೆ ನನಗೊಬ್ಬಗ ಜೋಡ ಸಕ್ರಿ ಚಾ.

ಮಾಳಿಗಿ ಮ್ಯಾಲೆ ನಮ್ಮ ಹುಡುಗ ದಾವಲ, ಕೈಯಾಗ ಆಂಟೆನಾ,
ಕೆಳಗ ಟಿವಿ ಹಿಂದ ತಲಿ ತುರುಕಿ ನಾ,
ಅಂಗಳದಾಗ ಸುದ್ದಿ ಮುಟ್ಟಿಸಾಕಿ ಅಜ್ಜಿ ಈರಸಂಗವ್ವ.
'ಬಂತೇನು?' 'ಇಲ್ಲ.'
'ಈಗ?' 'ಇಲ್ಲೋ.'
'ಈಗ?' 'ಬಂತು! ಬಂತು! ಬಂತು!'
ದಾವಲ ಆಂಟೆನಾ ಬಿಗದು ಇಳದು ಬಂದ್ರ
ಪರದೆ ತುಂಬ ಜ್ವಾಳದ ಹಿಟ್ಟು ಜರಡಿ ಹಿಡದಂಗ.
'ಬಂತು ಅಂದೆಲ್ಲಬೇ!'
'ಬಂದದ್ದು ನಳದ ನೀರೋ ಯಪ್ಪಾ,
ಹದಿನೈದು ದಿನಕ್ಕ ಬಂದೇತಿ. ಬಿಡು ಅದನ್ನ, ಕೊಡಾ ಹಿಡಿ.'
ಇಬ್ಬರೂ ಕೂಡಿ ಹೌದು ತುಂಬಿಸಿ ಬಂದ್ವಿ.
ಬಿಲ್ಲಿನಾಗ ಅದನ್ನ ಬರೀಲಿಲ್ಲ.

ಹೆಡ್ ಮಾಸ್ತರ ಅಂದಾನಪ್ಪನವರ ಟಿವಿ
ಎಡಗಪಾಳಕ್ಕ ಒಂದು ಬಿಗದ್ರ ಮಾತ್ರ ಹತ್ತತಿತ್ತು.
ಮನಿ ಮಂದಿಗೆಲ್ಲ ಆ ಜಾಗಾ ಗೊತ್ತು.
ನಾ ಒಂದು ಇಡೀ ಸಂಜಿ ಕುಂತು ಸೋಲ್ಡರ್ ಹಾಕಿದೆ,
ಅಷ್ಟು ಚಲೋ ಕೆಲಸ ನನ್ನ ಕೈಯಿಂದ ಮತ್ತ ಆಗಿಲ್ಲ.
ಮರುದಿನ ಮುಂಜಾನೆ ಮಾಸ್ತರು ರೂಢಿ ಪ್ರಕಾರ ಬಿಗದರು,
ಪಿಕ್ಚರ್ ಟ್ಯೂಬಿನ ಕುತ್ತಿಗಿನ ಮುರೀತು.
'ಇಷ್ಟು ದಿನ ಶಿಸ್ತಿನಿಂದ ಇತ್ತು,' ಅಂದರು,
'ನೀ ಬಂದು ಕೆಡಿಸಿದಿ.'

ಯಾವ ಸೆಟ್ಟು ಬಿಚ್ಚಿ ಕೂಡಿಸಿದ್ರೂ
ಒಂದೆರಡು ಸ್ಕ್ರೂ ಉಳೀತಿದ್ವು.
ಎಲ್ಲಿವು? ತಿಳೀದು. ಯಾರನ್ನ ಕೇಳೂ ಹಂಗೂ ಇಲ್ಲ.
ಡಾಲ್ಡಾ ಡಬ್ಬಿಗೆ ಹಾಕಿಕೋತ ಬಂದೆ.
ಮೊನ್ನೆ ಅಂಗಡಿ ಖಾಲಿ ಮಾಡಿದಾಗ
ಗುಜರಿಯಾಂವ ತಕ್ಕಡಿಗೆ ಹಾಕಿದ: ಮೂರೂಕಾಲು ಕೇಜಿ.
ಇಪ್ಪತ್ತೆಂಟು ವರ್ಷ, ಬೆಟಗೇರಿ ಮಂದಿ
ಮೂರೂಕಾಲು ಕೇಜಿ ಕಮ್ಮಿ ಟಿವಿ ನೋಡ್ಯಾರ.
ಮಾರಾಕ ಮನಸ ಆಗಲಿಲ್ಲ, ಮನಿಗೆ ತಂದೆ.

ಅಂಬೂಬಾಯಿ ಡಬ್ಬಿ ಅಲ್ಲಾಡಿಸಿ ನೋಡಿದಳು:
'ಹನ್ನೊಂದು ವರ್ಷಾತು, ನಮ್ಮ ಮಿಕ್ಸರಿನ ಬುಡಾ ಅಲಗ್ಯಾಡತೇತಿ.
ಇದರಾಗ ಒಂದಾದ್ರೂ ಅದಕ್ಕ ಕೂಡತೇತೇನು?'
ನಾ ಹುಬ್ಬು ಗಂಟು ಹಾಕಿದೆ.
ಬಾಯಿ ತೆರಿಯೂದರಾಗ ಆಕಿ ಲಟ್ಟಣಗಿ ಎತ್ತಿದಳು:
'ಐಸಿ ಅಂದ್ರ ನೋಡು!'